ಪಂಚಮಿಗೆ ಕರೆಯಲು ಹೋದ ಅಪ್ಪ

ಇವತ್ತು ಮಧ್ಯಾಹ್ನ ಡ್ಯೂಟಿ ಮುಗಿಸಿ ಕೊಪ್ಪಳದ ಈ ಕ್ವಾರ್ಟರ್ಸಿನ ಮೆಟ್ಟಿಲು ಹತ್ತುತ್ತಿದ್ದಾಗ ಯಾರದೋ ಮನೆಯಿಂದ ಬೆಲ್ಲದ ಪಾಕ ಸೀದ ವಾಸನೆ ಬಂತು. ನಾಳಿದ್ದು ಪಂಚಮಿ. ಎಲ್ಲರ ಮನೆಯಲ್ಲೂ ಉಂಡಿ ಕಟ್ಟುವ ಗಡಿಬಿಡಿ. ಪಾಕ ಒಂದು ಕುದಿ ಹೆಚ್ಚಾದರೆ ಮುಗಿಯಿತು, ಉಂಡಿ ಕಲ್ಲಾಗುತ್ತದೆ. ಯಾವಳೋ ಹೊಸ ಸೊಸೆ ಅತ್ತೆಯ ಬಾಯಿಗೆ ಸಿಕ್ಕಳು ಎಂದು ಮನಸ್ಸಿನಲ್ಲೇ ನಗುತ್ತ ಬೀಗ ತೆಗೆದೆ. ಒಳಗೆ ಬಂದು ಕುಳಿತ ಮೇಲೆ ನಗು ನಿಂತಿತು. ಮಂಗಳೂರಿನಲ್ಲಿ ಕಳೆದ ಒಂದೇ ಒಂದು ಶ್ರಾವಣದಲ್ಲಿ ಇದೇ ವಾಸನೆ ನನ್ನ ಒಲೆಯಿಂದ ಎದ್ದಿತ್ತು.

ಮಂಗಳೂರು ಎಂದ ಕೂಡಲೇ ಸಮುದ್ರ ನೆನೆಯಬೇಡಿ. ನಮ್ಮವ್ವನೂ ಅದೇ ತಪ್ಪು ಮಾಡಿದ್ದಳು. ನಾನು ಬೀದರ ಕಡೆಯ ಹುಡುಗಿ. ನರ್ಸ್ ಕೆಲಸದ ಆದೇಶದಲ್ಲಿ ಮಂಗಳೂರು ಎಂದಿದೆ ಎಂದು ತಿಳಿಸಿದಾಗ ಅವ್ವ ಫೋನಿನಲ್ಲಿ ಸಂತೋಷಕ್ಕೆ ಅತ್ತುಬಿಟ್ಟಳು. “ಅಲ್ಲಿ ಓಣಿಗೊಂದು ಚರ್ಚ್ ಅದ ಅಂತ. ನೀ ಒಬ್ಬಕಿ ಆಗಂಗಿಲ್ಲ ಬಿಡು” ಎಂದಳು. ನಾನು ಹೋಗಿ ಇಳಿದದ್ದು ಯಲಬುರ್ಗಾ ಸೀಮೆಯ ಮಂಗಳೂರಿನಲ್ಲಿ. ಎರೆಹೊಲ, ಹೆಸರು, ಸಜ್ಜೆ, ಆಷಾಢದ ಗಾಳಿಗೆ ಬಾಗಿಲ ಸಂದಿಯಿಂದ ಒಳಗೆ ಬರುವ ಧೂಳು. ಇಡೀ ಊರಿಗೆ ಕ್ರೈಸ್ತಳೆಂದರೆ ನಾನೊಬ್ಬಳೇ. ಹೆಸರು ಸುವಾರ್ತಾ ಎಂದು ಎಷ್ಟು ಸಲ ಹೇಳಿದರೂ ಊರಿನವರಿಗೆ ನಾನು ಸುವರ್ಣಾ ಸಿಸ್ಟರ್. ಕೊನೆಗೆ ನಾನೇ ಸೋತು ಹೂಂ ಅನ್ನತೊಡಗಿದೆ.

ಊರು ಕೆಟ್ಟದ್ದೇನಲ್ಲ. ರೊಟ್ಟಿ ಕೊಟ್ಟರು, ಮೊಸರು ಕೊಟ್ಟರು, “ನಿಮ್ಮ ದೇವ್ರಿಗೆ ಊದಿನಕಡ್ಡಿ ನಡಿತೈತೇನ್ರಿ?” ಎಂದು ಪ್ರೀತಿಯಿಂದಲೇ ಕೇಳಿದರು. ಆದರೆ ಸಂಜೆ ಆಸ್ಪತ್ರೆಯಿಂದ ಬಂದು ಬಾಗಿಲು ಹಾಕಿಕೊಂಡರೆ ನನ್ನ ಹಾಡು ಗೊತ್ತಿರುವ ಇನ್ನೊಂದು ಜೀವ ಆ ಊರಲ್ಲಿ ಇರಲಿಲ್ಲ. ಒಬ್ಬಳೇ ಹಾಡಿದರೆ ಗೋಡೆ ಆಚೆಯ ಎಮ್ಮೆ ಕಿವಿ ನಿಮಿರಿಸುತ್ತಿತ್ತು. ಅದಕ್ಕೆ ಹಾಡುವುದನ್ನೂ ಬಿಟ್ಟೆ.

ಎಮ್ಮೆಯ ಮೇಲೆ ಸುಮ್ಮನೆ ಹಾಕುತ್ತಿದ್ದೇನೆ. ಹಾಡು ಬಿಡುವುದಕ್ಕೆ ಬೇರೆ ಕಾರಣವಿತ್ತು.

ನಮ್ಮಪ್ಪ ನಮ್ಮೂರ ಚರ್ಚಿನ ಸಭೆಯ ಹಿರಿಯ. ಪ್ರಾರ್ಥನೆಗೆ ನಿಂತರೆ ಕಂಬ ನಡುಗಬೇಕು, ಅಂಥ ದನಿ. ನನಗೆ ಒಂದು ಮದುವೆ ಗೊತ್ತು ಮಾಡಿದ್ದ. ಮದುವೆಯಾದ ಮೇಲೆ ಹುಡುಗಿ ನೌಕರಿ ಬಿಡಬೇಕು ಎಂದು ಗಂಡಿನವರು ಕೇಳಿದರಂತೆ, ಅಪ್ಪ ನನ್ನನ್ನು ಒಂದು ಮಾತು ಕೇಳದೆ ಒಪ್ಪಿಕೊಂಡನಂತೆ. ಮದುವೆಯ ಚೀಟಿ ಅಚ್ಚಾದ ಮೇಲೆ ನನಗೆ ತಿಳಿಯಿತು. ನಾನು ಒಲ್ಲೆ ಎಂದೆ. ನೌಕರಿ ಬಿಡಲೊಲ್ಲೆ, ಮದುವೆಯನ್ನೂ ಒಲ್ಲೆ. ಹಿರಿಯನ ಮಾತು ಊರ ಮುಂದೆ ಮಣ್ಣುಪಾಲಾಯಿತು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ನನ್ನ ಜೊತೆ ಮಾತಾಡುವುದನ್ನು ನಿಲ್ಲಿಸಿದ. “ಸಭೆ ಮುಂದ ನಿಂತು ತಪ್ಪಾಯ್ತು ಅನ್ನಲಿ. ಆಮೇಲೆ ಮನಿಗೆ ಬರಲಿ” ಎಂದು ಅವ್ವನ ಕೈಯಲ್ಲಿ ಹೇಳಿ ಕಳಿಸಿದ. ಅಷ್ಟೇ ಆಗಿದ್ದರೆ ಹೇಗೋ ತಡೆಯುತ್ತಿದ್ದೆ. ಭಾನುವಾರದ ಆರಾಧನೆಯಲ್ಲಿ ‘ದಾರಿ ತಪ್ಪಿದ ನನ್ನ ಮಗಳಿಗಾಗಿ’ ಎಂದು ನನ್ನ ಹೆಸರು ಹಿಡಿದು ಪ್ರಾರ್ಥಿಸುತ್ತಾನೆ ಎಂದು ಅವ್ವ ಹೇಳಿದಳು. ಮಗಳಿಗೆ ಒಂದು ಫೋನ್ ಮಾಡದವನು ದೇವರಿಗೆ ಮಾಡುತ್ತಾನೆ, ಅದೂ ಎಲ್ಲರೂ ಕೇಳುವ ಹಾಗೆ.

ಆಗಿನಿಂದ ನನಗೆ ಒಂದು ತೊಂದರೆ ಶುರುವಾಯಿತು. ನಮ್ಮ ಪ್ರಾರ್ಥನೆ ಮೊದಲಾಗುವುದೇ ‘ತಂದೆಯೇ’ ಎಂದು. ಹುಟ್ಟಿದಾಗಿನಿಂದ ಹೇಳಿಕೊಂಡು ಬಂದ ಆ ಮಾತು ಗಂಟಲಲ್ಲಿ ನಿಲ್ಲತೊಡಗಿತು. ಹಾಗೆ ಅಂದ ಕೂಡಲೇ ಕಣ್ಣ ಮುಂದೆ ನಮ್ಮಪ್ಪನ ಗಂಟುಮುಖ. ಮೇಲೂ ಒಬ್ಬ ಹಿರಿಯ ಕುರ್ಚಿಯಲ್ಲಿ ಕೂತು, ಇವಳು ತಪ್ಪಾಯಿತು ಅನ್ನಲಿ, ಆಮೇಲೆ ನೋಡೋಣ ಎಂದು ಬಾಗಿಲು ಹಾಕಿಕೊಂಡಿರುವ ಹಾಗೆ. ಭಾನುವಾರ ಬಸ್ಸು ಹಿಡಿದು ಕೊಪ್ಪಳಕ್ಕೆ ಹೋಗುತ್ತಿದ್ದೆ. ಅಲ್ಲಿ ಒಂದು ಸಣ್ಣ ಸಭೆ ಸೇರುತ್ತಿತ್ತು. ಎಲ್ಲರೂ ‘ತಂದೆಯೇ’ ಎನ್ನುವಾಗ ನಾನು ತುಟಿ ಬಿಗಿಹಿಡಿದು ನಿಂತು, ಅದರ ಮುಂದಿನ ಮಾತಿನಿಂದ ದನಿ ಕೂಡಿಸುತ್ತಿದ್ದೆ. ಪಾಸ್ಟರು ಒಳ್ಳೆಯವರು. ದೇವರು ಪ್ರೀತಿಯ ತಂದೆ ಎಂದು ನಗುನಗುತ್ತ ಪ್ರಸಂಗ ಮಾಡುತ್ತಿದ್ದರು. ಇವರಪ್ಪ ಎಂಥವನಿದ್ದನೋ ಎಂದು ನನಗೆ ಹೊಟ್ಟೆಕಿಚ್ಚು. ಆಷಾಢ ಬರುವಷ್ಟರಲ್ಲಿ ಹೋಗುವುದನ್ನೇ ನಿಲ್ಲಿಸಿದೆ. ಅಪ್ಪನ ಜೊತೆ ದೇವರೂ ಕೈಬಿಟ್ಟು ಹೋಗುತ್ತಾನೇನೋ ಎಂದು ಭಯವಾಗುತ್ತಿತ್ತು. ಇವನೂ ಹೋದರೆ ನನಗೆ ಯಾರಿದ್ದಾರೆ ಎಂದು ಆ ಕೋಣೆಯಲ್ಲಿ ಕೂತು ಎಷ್ಟೋ ಸಂಜೆ ಅತ್ತಿದ್ದೇನೆ.

ನಾನು ಬಾಡಿಗೆಗೆ ಇದ್ದದ್ದು ಶರಣಪ್ಪ ಕಾಕಾರ ಮನೆಯ ಮುಂದಿನ ಭಾಗದಲ್ಲಿ. ಕಾಕಾ ಒಕ್ಕಲುತನದವರು, ಸ್ವಲ್ಪ ಹೊಲ, ಎರಡು ಎತ್ತು, ಒಂದು ಎಮ್ಮೆ. ಬಾಯಿ ಕಡಿಮೆ. ಇಡೀ ಮನೆಯ ಮಾತನ್ನು ಗಿರಿಜಾ ಕಾಕು ಒಬ್ಬರೇ ಆಡಿ ಮುಗಿಸುತ್ತಿದ್ದರು. ಬಂದ ಮೊದಲ ವಾರವೇ “ನಿಮಗ ಮಕ್ಕಳು ಎಷ್ಟ್ರಿ?” ಎಂದು ನಾನು ಕೇಳಿದ್ದಕ್ಕೆ ಕಾಕು “ಇಲ್ಲ” ಎಂದರು. ಕಾಕಾ ಎದ್ದು ಎತ್ತಿಗೆ ಮೇವು ಹಾಕಲು ಹೋದರು. ಆಮೇಲೆ ಊರಿನವರಿಂದ ತಿಳಿಯಿತು, ಒಬ್ಬಳೇ ಮಗಳು, ಶೈಲಾ. ಗಂಗಾವತಿಗೆ ಓದಲು ಹೋದವಳು ಅಲ್ಲಿ ಕಾಲುವೆ ಸೀಮೆಗೆ ವಲಸೆ ಬಂದು ನೆಲೆಸಿದ ತೆಲುಗರ ಒಂದು ಕ್ಯಾಂಪಿನ ಹುಡುಗನನ್ನು ಹೇಳದೆ ಕೇಳದೆ ಮದುವೆಯಾಗಿದ್ದಳು. ಅವತ್ತಿನಿಂದ ಕಾಕುವಿನ ಲೆಕ್ಕದಲ್ಲಿ ಮಗಳಿಲ್ಲ. “ಬಂದು ಕಾಲು ಹಿಡಿದು ತಪ್ಪಾತು ಅನ್ನಲಿ, ನೋಡೂನಂತ” ಎಂದು ಒಮ್ಮೆ ನನ್ನ ಮುಂದೆಯೇ ಅಂದರು. ನಮ್ಮಪ್ಪ ಹೆಂಗಸಾಗಿ ಸೀರೆ ಉಟ್ಟು ಬಂದಿದ್ದಾನೆ ಅನ್ನಿಸಿತು ನನಗೆ.

ಆ ವರ್ಷ ಶ್ರಾವಣದ ಮಳೆ ಜಿಟಿಜಿಟಿ ಹಿಡಿದಿತ್ತು. ಹೆಸರುಕಾಯಿ ಕಪ್ಪಾಗುವ ಹೊತ್ತು. ಇನ್ನೆರಡು ದಿನ ಹೀಗೇ ಹನಿದರೆ ಕಾಳು ಬಳ್ಳಿಯಲ್ಲೇ ಮೊಳೆಯುತ್ತದೆ ಎಂದು ಊರಿಗೆ ಊರೇ ಆಕಾಶ ನೋಡುತ್ತ ಕಾಯಿ ಬಿಡಿಸುತ್ತಿತ್ತು. ಪಂಚಮಿ ಹತ್ತಿರ ಬಂದಿತ್ತು. ಈ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ತವರಿನಿಂದ ಅಣ್ಣನೋ ತಮ್ಮನೋ ಉಂಡಿ ಕಟ್ಟಿಕೊಂಡು ಹೋಗಿ ಮಗಳನ್ನು ಕರೆದು ತರಬೇಕು. ಕರೆಯಲು ಯಾರೂ ಬರದಿದ್ದರೆ ಗಂಡನ ಮನೆಯಲ್ಲಿ ಆಕೆಯ ತಲೆ ತಗ್ಗುತ್ತದೆ. ನಮ್ಮ ಕಡೆಯ ಕ್ರೈಸ್ತರ ಮನೆಗಳಲ್ಲೂ ಶ್ರಾವಣ ಬಂತೆಂದರೆ ಹೆಂಗಸರ ಕಣ್ಣು ದಾರಿಯ ಮೇಲೆಯೇ ಇರುತ್ತದೆ.

ಒಂದು ಭಾನುವಾರ ಮಧ್ಯಾಹ್ನ ಕಾಕು ಹೊಲಕ್ಕೆ ಹೋಗಿದ್ದಾಗ ಕಾಕಾ ನನ್ನ ಬಾಗಿಲಿಗೆ ಬಂದರು. ಟವೆಲ್ಲಿನ ಗಂಟೊಂದು ಕಂಕುಳಲ್ಲಿತ್ತು.

“ಸಿಸ್ಟರ್, ಒಂದು ಕೆಲಸ ಐತ್ರಿ. ಇಲ್ಲ ಅನ್ನಬ್ಯಾಡ್ರಿ.”

“ಏನು ಕಾಕಾ?”

“ಉಂಡಿ ಕಟ್ಟಾಕ ಬರತೈತೇನ್ರಿ ನಿಮಗ?”

ಗಂಟು ಬಿಚ್ಚಿದರು. ಶೇಂಗಾ, ಬೆಲ್ಲ, ಒಂದಿಷ್ಟು ಏಲಕ್ಕಿ. ಮಗಳನ್ನು ಕರೆಯಲು ತಾವು ಪ್ರತಿ ಪಂಚಮಿಗೂ ಹೋಗುವುದನ್ನು ಅವತ್ತು ಮೊದಲ ಸಲ ಹೇಳಿದರು. ಗಂಡುಮಕ್ಕಳಿಲ್ಲ, ತಾವೇ ಹೋಗಬೇಕು. ಕಾಕುವಿಗೆ ಗೊತ್ತು, ಆದರೆ ಕೇಳುವುದಿಲ್ಲ, ಉಂಡಿಯನ್ನೂ ಕಟ್ಟಿಕೊಡುವುದಿಲ್ಲ.

“ಹ್ವಾದ ವರ್ಷ ಗಂಗಾವತಿ ಅಂಗಡ್ಯಾಗ ಬುಂದೇ ಉಂಡಿ ತಗೊಂಡು ಹೋಗಿದ್ದೆ. ಅದರ ಹಿಂದಿನ ವರ್ಷನೂ ಹಂಗ ಮಾಡಿದ್ದೆ. ಆಕಿ ಡಬ್ಬಿ ತೆಗೆದು ನೋಡಿ, ಇದು ಅಂಗಡೀದು, ಮನಿ ಕರದಿದ್ರ ಮನೀದು ಬರತಿತ್ತು ಅಂದ್ಳು. ತಿರುಗಿ ನನ್ನ ಕೈಯಾಗ ಕೊಟ್ಳು. ನನಗೇನು ಗೊತ್ತರಿ? ಸಿಹಿ ಅಂದ್ರ ಸಿಹಿ ಅಂತ ತಿಳಿದಿದ್ದೆ.”

ತವರಿನ ಉಂಡಿ ತವರಿನ ಒಲೆಯ ಮೇಲೇ ಆಗಬೇಕು. ಅಂಗಡಿಯ ಡಬ್ಬಿ ಹೋಯಿತೆಂದರೆ ಮನೆಯಲ್ಲಿ ಯಾರಿಗೂ ನೀನು ಬೇಡ ಎಂದೇ ಅರ್ಥ. ಹೆಂಗಸರಿಗೆಲ್ಲ ಗೊತ್ತಿರುವ ಈ ಸಂಗತಿ ಪಾಪ, ಆ ಗಂಡಸಿಗೆ ಯಾರೂ ಹೇಳಿರಲಿಲ್ಲ. ಎರಡು ವರ್ಷ ಮಗಳನ್ನು ಕರೆಯಲು ಹೋಗಿ ಅವಮಾನ ಮಾಡಿ ಬಂದಿದ್ದರು.

ನನಗೂ ಉಂಡಿ ಬರುತ್ತಿರಲಿಲ್ಲ. ಆದರೂ ಹೂಂ ಎಂದೆ. ಕಾಕಾ ಬಾಗಿಲಿನ ಎರಡೂ ಕದ ಪೂರಾ ತೆರೆದು, ಹೊಸ್ತಿಲ ಹತ್ತಿರ ಕೂತು ಶೇಂಗಾ ಹುರಿದು ಸಿಪ್ಪೆ ತೆಗೆದರು. ನಾನು ಬೆಲ್ಲ ಕಾಯಲು ಇಟ್ಟು ಅವ್ವನಿಗೆ ಫೋನ್ ಮಾಡಿದೆ. ತಟ್ಟೆಯ ನೀರಿಗೆ ಒಂದು ಹನಿ ಬಿಟ್ಟು ನೋಡು, ಮೆತ್ತಗೆ ಉಂಡೆಯಾದರೆ ತಕ್ಷಣ ಇಳಿಸು ಎಂದು ಅವ್ವ ಹೇಳಿದಳು. ಹೇಳುತ್ತಿರುವಾಗಲೇ ಹಿಂದೆ ಅಪ್ಪ ಕೆಮ್ಮಿದ್ದು ಕೇಳಿತು. ಅವ್ವನ ದನಿ ಸಣ್ಣಗಾಗಿ ಫೋನ್ ಇಟ್ಟುಬಿಟ್ಟಳು. ಅಪ್ಪ ಬಹಳ ದಿನದಿಂದ ಕೆಮ್ಮುತ್ತಿದ್ದಾನೋ, ಯಾರಿಗಾದರೂ ತೋರಿಸಿದ್ದಾನೋ ಎಂದು ನಾನು ಆ ಫೋನನ್ನೇ ಹಿಡಿದು ನಿಂತಿದ್ದೆ. ವಾಸನೆ ಬಂದಾಗ ತಿರುಗಿ ನೋಡಿದರೆ ಪಾಕ ಕರ್ರಗೆ ಕುದಿಯುತ್ತಿತ್ತು.

ಬೇರೆ ಬೆಲ್ಲ ಇರಲಿಲ್ಲ. “ಇರ್ಲಿ ಬಿಡ್ರಿ, ಸಿಹಿ ಹೋಗಿರಂಗಿಲ್ಲ” ಎಂದು ಕಾಕಾ ಶೇಂಗಾ ಸುರಿದರು. ಅದು ಬಿಸಿ ಇದ್ದಾಗಲೇ ಕಟ್ಟಬೇಕು, ಆರಿದರೆ ಹಿಡಿಯುವುದಿಲ್ಲ. ನಾನು ಒಂದು ಕಟ್ಟುವುದರಲ್ಲಿ ಅಯ್ಯೋ ಎಂದು ಕೈ ಬಿಟ್ಟೆ. ಉಳಿದದ್ದನ್ನೆಲ್ಲ ಕಾಕಾ ಒಬ್ಬರೇ ತುಟಿ ಕಚ್ಚಿಕೊಂಡು ಕಟ್ಟಿದರು. ನೇಗಿಲು ಹಿಡಿದ ಅಂಗೈಯಲ್ಲೂ ಬೊಬ್ಬೆಗಳೆದ್ದವು. ಮುಲಾಮು ಹಚ್ಚುತ್ತ “ಶೈಲಾ ಕೇಳಿದ್ರ ಯಾರು ಮಾಡಿದ್ದು ಅನ್ನೋದು?” ಎಂದೆ.

“ಅವ್ವ ಅಂತೀನ್ರಿ” ಎಂದರು, ಸಣ್ಣ ದನಿಯಲ್ಲಿ.

ಸಂಜೆ ಕಾಕು ಹೊಲದಿಂದ ಬಂದವರು ಅಂಗಳದಲ್ಲಿ ನಿಂತು ಮೂಗರಳಿಸಿದರು. ಗಂಡನ ಕೈ ನೋಡಿದರು, ನನ್ನ ಮುಖ ನೋಡಿದರು. ಆ ಬಾಯಿ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಅವತ್ತೇ ಕಂಡದ್ದು.

ಮರುದಿನ ಕಾಕಾ ನನ್ನನ್ನೂ ಕರೆದರು. ಒಬ್ಬನೇ ಗಂಡಸು ಹೋದರೆ ಆ ಮನೆಯ ಹೆಂಗಸರ ಜೊತೆ ಮಾತಿಗೆ ದಾರಿಯಿಲ್ಲ, ಜೊತೆಗೊಬ್ಬ ಹೆಣ್ಣುಮಗಳಿದ್ದರೆ ಚೆಂದ ಎಂದರು. ರಜೆ ಹಾಕಿ ಹೊರಟೆ. ಕೊಪ್ಪಳದಲ್ಲಿ ಬಸ್ಸು ಬದಲಿಸಿ, ಗಂಗಾವತಿಯಲ್ಲಿ ಇಳಿದು ಟಂಟಂ ಆಟೋ ಹಿಡಿದೆವು. ಮಂಗಳೂರಿನಲ್ಲಿ ಮಳೆಯನ್ನೇ ನಂಬಿದ ಎರೆಹೊಲ ನೋಡಿ ಬಂದವರಿಗೆ ಇಲ್ಲಿ ಕಣ್ಣು ಹಾಯುವಷ್ಟೂ ನೀರು. ಕಾಲುವೆ ಬಿಟ್ಟಿದ್ದರು. ಗದ್ದೆಗಳಲ್ಲಿ ಹೆಂಗಸರು ಬಾಗಿ ಭತ್ತ ನಾಟಿ ಮಾಡುತ್ತಿದ್ದರು. ಕಾಕಾ ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು.

ಶೈಲಾಳ ಮನೆ ಕ್ಯಾಂಪಿನ ಕೊನೆಯಲ್ಲಿ. ಗಂಡ ಭತ್ತ ಕೊಯ್ಯುವ ಮಷೀನ್ ನಡೆಸುತ್ತಾನಂತೆ, ಆ ಹೊತ್ತಿಗೆ ಮನೆಯಲ್ಲಿರಲಿಲ್ಲ. ಅತ್ತೆ ಕುರ್ಚಿ ಹಾಕಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಉಪಚಾರ ಮಾಡಿ, ಕಾಫಿ ತರಲು ಎದ್ದರು. ಶೈಲಾ ನೀರು ತಂದುಕೊಟ್ಟು ಕಂಬಕ್ಕೆ ಒರಗಿ ನಿಂತಳು. ಕಾಕುವಿನದೇ ಮೂಗು, ಕಾಕುವಿನದೇ ಹಟದ ಗದ್ದ. ಆಕೆಯ ಪುಟ್ಟ ಮಗಳು ಕಾಕಾರನ್ನು ದೂರದಿಂದ ನೋಡುತ್ತಿತ್ತು. ಆ ಕೂಸಿಗೆ ಕನ್ನಡ ಬಾರದು, ಇವರಿಗೆ ತೆಲುಗು ಬಾರದು. ಅಜ್ಜ ಮೊಮ್ಮಗಳು ಒಬ್ಬರನ್ನೊಬ್ಬರು ನೋಡಿ ನಗುವುದಷ್ಟೇ ಆಗುತ್ತಿತ್ತು.

ಕಾಕಾ ಡಬ್ಬಿ ತೆರೆದು ಮೊದಲ ಉಂಡಿ ಮೊಮ್ಮಗಳಿಗೆ ಕೊಟ್ಟರು. ಅದು ಕಚ್ಚಿತು, ಮತ್ತೆ ಕಚ್ಚಿತು, ಆಮೇಲೆ ಬಾಯಿಂದ ತೆಗೆದು “ರಾಯಿ” ಎಂದಿತು. ಕಾಫಿ ತರುತ್ತಿದ್ದ ಅತ್ತೆ ನಕ್ಕು, “ಕಲ್ಲು ಅಂತೈತ್ರಿ” ಎಂದು ತಿಳಿಸಿ ಹೇಳಿದರು. ಶೈಲಾ ಒಂದನ್ನು ಎತ್ತಿಕೊಂಡು ಮೂಸಿದಳು. ಮುರಿಯಲು ನೋಡಿದಳು, ಆಗಲಿಲ್ಲ.

“ಇದು ಅವ್ವ ಕಟ್ಟಿದ್ದಲ್ಲ.”

“ಮನೀದ ಐತೆವ್ವ.”

“ಮನೀದು ಇರಬೇಕು. ಯಾರು ಕಟ್ಟ್ಯಾರ?”

ಕಾಕಾ ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಸುಳ್ಳು ಹೇಳಲು ಬಂದ ಮನುಷ್ಯ ಸುಳ್ಳು ಮರೆತು ಕೂತಿದ್ದರು.

“ನಾನ ಕಟ್ಟೇನಿ. ಪಾಕ ಈ ಸಿಸ್ಟರ್ ಮಾಡ್ಯಾರ.”

ಶೈಲಾ ಅವರ ಎರಡೂ ಕೈ ಹಿಡಿದು ಅಂಗೈ ತಿರುವಿ ನೋಡಿದಳು. ಬಹಳ ಹೊತ್ತು ನೋಡಿದಳು. “ಸುಟ್ಟಾವಲ್ಲಪ್ಪಾ” ಎಂದಳು. ಕಾಕಾ ಕೈ ಎಳೆದುಕೊಂಡು, “ಬಿಸಿ ಇದ್ದಾಗ ಕಟ್ಟಬೇಕಲ್ಲವಾ” ಎಂದರು. ಆಮೇಲೆ ತಾವು ಬಂದ ಮಾತು ತೆಗೆದರು. “ಪಂಚಮಿಗೆ ನಡಿಯವ್ವ. ಕರಿಯಾಕ ಬಂದೇನಿ.”

“ಅವ್ವ ಬಾ ಅಂದಾಳೇನು?”

“ಇಲ್ಲ. ಬಾ ಅಂತ ನಾ ಅನ್ನಾಕತ್ತೇನಿ.”

“ನೀ ವರ್ಷಾ ಅಂತೀ ಅಪ್ಪಾ. ನಾ ಬಂದು ಬಾಗಲದಾಗ ನಿಂತಾಗ ಅವ್ವ ಮಾರಿ ತಿರುವಿದ್ರ, ಈ ಕೂಸಿನ ಕೈ ಹಿಡಕೊಂಡು ನಾ ಹ್ಯಾಂಗ ತಿರುಗಿ ಬರ್ಲಿ? ಆಕಿ ಬಾ ಅನ್ನೂ ತನಕ ನಾ ಬರಂಗಿಲ್ಲ.”

“ಆತವ್ವ” ಎಂದರು ಕಾಕಾ. ಒತ್ತಾಯವಿಲ್ಲ, ಸಿಟ್ಟಿಲ್ಲ. ಕಾಫಿ ಕುಡಿದರು. ಬೀಗಿತಿಗೆ ನಮಸ್ಕಾರ ಹೇಳಿದರು. ಮೊಮ್ಮಗಳ ತಲೆ ಮುಟ್ಟಿದರು. ಶೈಲಾ ರಸ್ತೆಯ ತನಕ ಬಂದಳು. ಡಬ್ಬಿಯನ್ನು ಮಾತ್ರ ಈ ಸಲ ತಿರುಗಿ ಕೊಡಲಿಲ್ಲ, ಒಳಗೆ ಇಟ್ಟು ಬಂದಿದ್ದಳು.

ಬಸ್ಸಿನಲ್ಲಿ ಕಾಕಾ ಕಿಟಕಿ ಕಡೆ ಕೂತರು. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು. “ಇಟ್ಟುಕೊಂಡ್ಳು, ನೋಡಿದ್ರಲ್ಲ” ಎಂದು ಒಂದು ಸಲ ಅಂದರು, ಅಷ್ಟೇ. ನನಗೆ ಒಳಗೆ ಸಿಟ್ಟು ಕುದಿಯುತ್ತಿತ್ತು. ಯಾರ ಮೇಲೆ ಎಂದು ಗೊತ್ತಿಲ್ಲ. ಶೈಲಾ ಒಂದು ಮಾತು ಬಗ್ಗಬಾರದಿತ್ತೇ, ಕಾಕು ಒಂದು ಮಾತು ಬಗ್ಗಬಾರದಿತ್ತೇ, ಇಬ್ಬರ ನಡುವೆ ಈ ಮುದುಕ ವರ್ಷವರ್ಷ ಹೀಗೆ ಬಂದು ಹೋಗಬೇಕೇ? ಕೇಳಿಯೇಬಿಟ್ಟೆ.

“ಇಷ್ಟು ವರ್ಷದಾಗ ಒಮ್ಮೆ ಆದ್ರೂ ತಪ್ಪಾಯ್ತು ಅಂತ ಅಂದಾಳೇನು ಕಾಕಾ ಆಕಿ?”

“ಯಾವುದಕ್ಕರಿ?”

“ಹೇಳದ ಕೇಳದ ಹೋಗಿದ್ದಕ್ಕ.”

ಕಾಕಾ ನನ್ನನ್ನು ನೋಡಿದರು. ನಿಜವಾಗಿಯೂ ಯೋಚನೆ ಮಾಡಿ ನೆನಪು ಮಾಡಿಕೊಳ್ಳುತ್ತಿದ್ದರು. “ಅದನ್ನ ಕೇಳಾಕ ನಾ ಹೋಗಿದ್ದಿಲ್ಲಲ್ಲ ಯವ್ವಾ” ಎಂದರು. “ಕರಿಯಾಕ ಹೋಗಿದ್ದೆ.”

ಅದುವರೆಗೆ ಸಿಸ್ಟರ್ ಎನ್ನುತ್ತಿದ್ದವರು ಯವ್ವಾ ಎಂದದ್ದು ನನಗೆ ಆಮೇಲೆ ಹೊಳೆಯಿತು. ಆ ಕ್ಷಣದಲ್ಲಿ ನೆನಪಾದದ್ದು ಬೈಬಲ್ಲಿನ ಒಂದು ಕಥೆ. ಮನೆ ಬಿಟ್ಟು ಹೋಗಿ ತಿರುಗಿ ಬಂದ ಮಗನ ಕಥೆ ನಮ್ಮ ಸಭೆಗಳಲ್ಲಿ ಕೇಳಿ ಕೇಳಿ ಬಾಯಿಪಾಠವಾದದ್ದು. ಅಪ್ಪ ಅದನ್ನು ಹೇಳುವಾಗ ಮಗ ತಪ್ಪಾಯಿತು ಎನ್ನುವ ಮಾತಿಗೆ ದನಿ ಏರಿಸುತ್ತಿದ್ದ, ಕಥೆಯೆಲ್ಲ ಆ ಮಾತಿನ ಮೇಲೆ ನಿಂತಿದೆ ಎನ್ನುವ ಹಾಗೆ. ಮಗ ಇನ್ನೂ ದೂರದಲ್ಲಿರುವಾಗಲೇ, ಒಂದು ಮಾತೂ ಆಡುವ ಮೊದಲೇ ಆ ತಂದೆ ಓಡಿ ಹೋಗಿದ್ದ ಎಂಬುದನ್ನು ನಾನು ಎಷ್ಟೋ ಸಲ ಕೇಳಿದ್ದೆ, ಕಿವಿಗೆ ಹಾಕಿಕೊಂಡಿರಲಿಲ್ಲ. ಮಗ ಬಾರದೇ ಹೋಗಿದ್ದರೆ ಆ ತಂದೆ ಎಷ್ಟು ಸಲ ದಾರಿಗೆ ಬಂದು ಒಬ್ಬನೇ ತಿರುಗಿ ಮನೆಗೆ ಹೋಗಿರಬೇಕು ಎಂದು ಯಾರೂ ಪ್ರಸಂಗ ಮಾಡಿರಲಿಲ್ಲ. ಈ ಲೋಕದಲ್ಲಿ ನಾನೊಬ್ಬಳೇ ಒಂಟಿ ಎಂದುಕೊಂಡಿದ್ದೆ. ಕರೆಯಲು ಹೋಗಿ ಬರಿಗೈಯಲ್ಲಿ ಬರುವವನ ಒಂಟಿತನ ನನ್ನ ಪಕ್ಕದ ಸೀಟಿನಲ್ಲೇ ಕೂತಿತ್ತು.

ಸ್ವಲ್ಪ ದೂರ ಬಂದ ಮೇಲೆ ಕಾಕಾ ಹೇಮಗುಡ್ಡದ ದಿಕ್ಕಿಗೆ ತಿರುಗಿ ದುರ್ಗಮ್ಮನಿಗೆ ಕೂತಲ್ಲಿಂದಲೇ ಕೈ ಮುಗಿದರು. ಆಮೇಲೆ ನನ್ನ ಕಡೆ ವಾಲಿ, ಸಂಕೋಚದಿಂದ, “ನಿಮ್ಮ ದೇವ್ರಿಗೂ ಒಂದು ಮಾತು ಹೇಳ್ರಿ” ಎಂದರು.

“ಏನಂತ ಹೇಳ್ಲಿ ಕಾಕಾ?”

“ಅವ್ವ ಮಗಳ ಮನಸ್ಸು ಮೆತ್ತಗಾಗ್ಲಿ ಅಂತ. ನೀವು ಅವಗ ಏನಂತ ಕರೀತೀರಿ?”

“ಅಪ್ಪಾ ಅಂತ” ಎಂದೆ. ಬಾಯಿಗೆ ಬಂದುಬಿಟ್ಟಿತ್ತು.

ಅವರ ಮುಖ ಸ್ವಲ್ಪ ಹಗುರಾಯಿತು. “ಹಂಗಾದ್ರ ಛಲೋ ಆತು. ಭಾಳ ಬಿಡಿಸಿ ಹೇಳೂದು ಬ್ಯಾಡ ಅವಗ.”

ಮರುದಿನ ಬೆಳಿಗ್ಗೆ ನಳದ ಹತ್ತಿರ ಕಾಕು ಕೊಡ ತುಂಬಿದ ಮೇಲೂ ನಿಂತೇ ಇದ್ದರು. ನನ್ನ ಕಡೆ ನೋಡದೆ, “ಹ್ಯಾಂಗ ಅದಾಳ?” ಎಂದರು. ಚೆನ್ನಾಗಿದ್ದಾಳೆ ಎಂದೆ. “ಸಣ್ಣದು ಯಾರಂಗ ಐತಿ?” ನಿಮ್ಮ ಹಾಗೆಯೇ ಎಂದೆ. ಕೊಡ ಎತ್ತಿಕೊಂಡು ಒಳಗೆ ಹೋದವರು ಮಧ್ಯಾಹ್ನದ ತನಕ ಹೊರಗೆ ಬರಲಿಲ್ಲ.

ಆ ಭಾನುವಾರ ಕೊಪ್ಪಳದ ಸಭೆಗೆ ಹೋದೆ. ನನ್ನ ಸಲುವಾಗಿ ಆಗಿದ್ದರೆ ಹೋಗುತ್ತಿರಲಿಲ್ಲ. ಕಾಕಾರ ಮಾತು ಹೊತ್ತುಕೊಂಡು ಹೋದೆ. ಎಲ್ಲರೂ ಪ್ರಾರ್ಥನೆಗೆ ಎದ್ದು ನಿಂತರು. ಮೊದಲ ಮಾತು ಬಂತು. ಯಾವಾಗಲೂ ಕಣ್ಣ ಮುಂದೆ ಬರುವ ಆ ಕುರ್ಚಿ ಅವತ್ತು ಖಾಲಿಯ ಹಾಗೆ ಕಂಡಿತು. ಕೂರಬೇಕಾದವನು ಅಲ್ಲಿರಲಿಲ್ಲ, ಎಲ್ಲೋ ಬಸ್ಸಿನಲ್ಲಿದ್ದ. ನನ್ನನ್ನೇ ಕರೆಯಲು ಹೊರಟಿದ್ದ. ತಂದೆಯೇ ಎಂದೆ. ಅದರಾಚೆಯ ಮಾತುಗಳು ನನಗೆ ಬರಲಿಲ್ಲ, ಅಳು ಬಂತು. ಪಕ್ಕದಲ್ಲಿ ನಿಂತ ಹೆಂಗಸು ಸೆರಗು ಕೊಟ್ಟಳು. ಶೈಲಾಳ ಹೆಸರು, ಗಿರಿಜಾ ಕಾಕುವಿನ ಹೆಸರು ಹೇಳಿದೆ. ಆಮೇಲೆ ನಾನು ನೆನೆಯದೆಯೇ ಇನ್ನೊಂದು ಹೆಸರು ಬಂತು, ನಮ್ಮಪ್ಪನದು. ಅಪ್ಪನೂ ಯಾರದೋ ಮಗು, ಅವನನ್ನೂ ಯಾರೋ ಕರೆಯುತ್ತಿದ್ದಾರೆ, ಅವನೂ ಹಟ ಹಿಡಿದು ಮನೆಗೆ ಹೋಗದೆ ಹೊರಗೆ ಕೂತಿದ್ದಾನೆ ಅನ್ನಿಸಿತು. ಅಷ್ಟು ದಿನದ ಮೇಲೆ ಅವನ ಬಗ್ಗೆ ಮರುಕ ಹುಟ್ಟಿತು.

ಶೈಲಾ ಬಂದಳೇ ಎಂದು ನೀವು ಕೇಳುತ್ತೀರಿ. ಆ ವರ್ಷ ಬರಲಿಲ್ಲ. ಮರುವರ್ಷದ ಹೊತ್ತಿಗೆ ನನಗೆ ಕೊಪ್ಪಳಕ್ಕೆ ವರ್ಗವಾಗಿತ್ತು. ಆ ಸಲ ಉಂಡಿಯನ್ನು ಕಾಕುವೇ ಕಟ್ಟಿ ಡಬ್ಬಿಗೆ ತುಂಬಿಟ್ಟರಂತೆ, ಬಾ ಎಂದು ಮಾತ್ರ ಇನ್ನೂ ಹೇಳಿ ಕಳಿಸಿಲ್ಲವಂತೆ. ಕಾಕಾ ಈ ಸಲವೂ ಹೋಗಿರುತ್ತಾರೆ.

ತಂದೆಯೇ ಎಂದು ಅತ್ತ ಆ ಭಾನುವಾರ ಸಭೆ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ನಾನು ಅಪ್ಪನ ನಂಬರಿಗೆ ಫೋನ್ ಮಾಡಿದೆ. ಅವ್ವನದಲ್ಲ, ಅವನದೇ. ಬಹಳ ಹೊತ್ತು ಬಡಿದುಕೊಂಡ ಮೇಲೆ ಎತ್ತಿದ. ಹಲೋ ಅನ್ನಲಿಲ್ಲ. “ಸಭೆ ಮುಂದ ನಿಂದರಾಕ ಒಪ್ಪಿದೇನು?” ಎಂದ.

“ಅದಕ್ಕ ಅಲ್ಲಪ್ಪಾ ಮಾಡಿದ್ದು” ಎಂದೆ. “ಕೆಮ್ಮು ಹ್ಯಾಂಗ ಅದ ಅಂತ ಕೇಳಾಕ ಮಾಡ್ದೆ.”

ನಾನು ಮಳೆಯ ವಿಷಯ ಹೇಳಿದೆ, ಹೆಸರುಕಾಳು ಮೊಳೆತುಹೋದದ್ದು ಹೇಳಿದೆ, ಪಾಕ ಸೀದದ್ದು ಹೇಳಿದೆ. ಬಸ್ಸು ಬಂತು, ಇಡುತ್ತೇನೆ ಎಂದೆ. ಮುಂದಿನ ಭಾನುವಾರ ಮತ್ತೆ ಮಾಡಿದೆ. ಈಗಲೂ ಮಾಡುತ್ತೇನೆ. ಅಪ್ಪ ಎತ್ತುತ್ತಾನೆ, ಮಾತಾಡುವುದಿಲ್ಲ. ಒಮ್ಮೊಮ್ಮೆ ಕೆಮ್ಮುತ್ತಾನೆ, ಅಷ್ಟೇ. ಆದರೆ ನಾನು ಇಡುವ ತನಕ ಅವನೂ ಫೋನ್ ಇಡುವುದಿಲ್ಲ.